ಮಾಡಿದವನೆಂಬ ಮಾತ್ರಕ್ಕೆ ಪೂಜ್ಯನೆ?

ರೇಷ್ಮೆಯ ಮಗ್ಗಗಳಿಗೂ ಕರಗಕ್ಕೂ ಹೆಸರಾದ ಆನೇಕಲ್ಲಿನಿಂದ ಹೊರಟ ಸಂಸ್ಕೃತ ಗ್ರಂಥವೊಂದು ಇಂದು ಭೂಮಂಡಲವನ್ನೇ ಸುತ್ತುತ್ತಿದೆ. ಆ ಊರಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರ ಅವಧಿಯಲ್ಲಿ ಬಾಯಿಂದ ಹೇಳುತ್ತ ಹೋದುದನ್ನು ವೆಂಕಟಾಚಲ ಶರ್ಮರು ಬರೆದುಕೊಂಡರು. ಅದೇ 'ವೈಮಾನಿಕ ಶಾಸ್ತ್ರ'. ಕರ್ತೃತ್ವವನ್ನು ಭರದ್ವಾಜ ಮಹರ್ಷಿಗೆ ಆರೋಪಿಸಲಾಗಿದೆ. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳ ವರ್ಣನೆ ಅದರಲ್ಲಿದೆ. ಎಲ್ಲಪ್ಪ ಎಂಬ ನಕ್ಷೆಗಾರರು ಬರೆದ ಚಿತ್ರಗಳೂ ಇವೆ. 1973ರಲ್ಲಿ ಜಿ. ಆರ್. ಜೋಶ್ಯರ್ ಅವರು ಮೈಸೂರಿನಿಂದ ಅದರ ಇಂಗ್ಲಿಷ್ ಅನುವಾದವನ್ನು ಹೊರತಂದರು. ಮರುವರ್ಷವೇ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ಇತರ ನಾಲ್ವರು ವಿದ್ವಾಂಸರು ಗ್ರಂಥದ ಭಾಷೆ, ಇತಿಹಾಸ, ಯಂತ್ರವರ್ಣನೆ ಮೂರನ್ನೂ ಪರೀಕ್ಷಿಸಿ ಲೇಖನ ಬರೆದರು. ಭಾಷೆ ವೈದಿಕವಲ್ಲ, ಆಧುನಿಕ ಸಂಸ್ಕೃತ. ರಚನೆ 20ನೆಯ ಶತಮಾನದ ಆರಂಭದ್ದು. ವರ್ಣಿತ ಯಂತ್ರಗಳಲ್ಲಿ ಒಂದಕ್ಕೂ ಹಾರುವ ಸಾಮರ್ಥ್ಯವಿಲ್ಲ ಎಂಬುದು ಅವರ ನಿರ್ಣಯ.

ಸಾಮಾನ್ಯವಾಗಿ ಇಂತಹ ನಿರ್ಣಯದಿಂದ ಒಂದು ಚರ್ಚೆ ಮುಗಿಯಬೇಕು. ಇದು ಮುಗಿಯಲಿಲ್ಲ. ಎರಿಕ್ ಫಾನ್ ಡ್ಯಾನಿಕೆನ್ 1968ರಲ್ಲಿ ಪ್ರಕಟಿಸಿದ ಪುಸ್ತಕವು ಪುರಾಣಗಳ ದೇವತೆಗಳೆಲ್ಲ ಅನ್ಯಗ್ರಹಗಳಿಂದ ಬಂದ ಗಗನಯಾತ್ರಿಗಳೆಂಬ ಕಲ್ಪನೆಗೆ ದೊಡ್ಡ ಮಾರುಕಟ್ಟೆಯನ್ನು ತೆರೆದಿತ್ತು. ಆನೇಕಲ್ಲಿನ ವಿಮಾನಗಳು ಆ ಮಾರುಕಟ್ಟೆಯ ಪ್ರಿಯವಾದ ಸರಕಾದವು. ಈಗ ಅದೇ ತಾಲ್ಲೂಕಿನ ಅಂಚಿಗೆ ಹೊಂದಿಕೊಂಡ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಬೊಮ್ಮಸಂದ್ರದ ಕಡೆಯ ವಸತಿ ಸಮುಚ್ಚಯಗಳಲ್ಲಿ, ಆ ಕಲ್ಪನೆಯ ತಮ್ಮನೊಬ್ಬ ಮನೆಮಾತಾಗಿದ್ದಾನೆ. ಈ ಜಗತ್ತೆಲ್ಲ ಒಂದು ಸಿಮ್ಯುಲೇಷನ್, ಯಾವುದೋ ಮುಂದುವರಿದ ನಾಗರಿಕತೆಯ ಗಣಕಯಂತ್ರದಲ್ಲಿ ನಡೆಯುತ್ತಿರುವ ಲೆಕ್ಕಾಚಾರ ಎಂಬುದು ಆ ವಾದ. ನಿಕ್ ಬಾಸ್ಟ್ರಮ್ 2003ರಲ್ಲಿ ಬರೆದ ತಾತ್ತ್ವಿಕ ಲೇಖನದಿಂದ ಅದಕ್ಕೆ ಗಂಭೀರ ರೂಪ ಬಂದಿತು. 2016ರಲ್ಲಿ ಎಲಾನ್ ಮಸ್ಕ್ ಆಡಿದ ಮಾತಿನಿಂದ ಪ್ರಚಾರ ಬಂದಿತು.

ಇಲ್ಲಿಂದ ಎರಡು ಗುಂಪುಗಳು ಕವಲೊಡೆಯುತ್ತವೆ. ನೋಡಿದಿರಾ, ವಿಜ್ಞಾನವೇ ಕೊನೆಗೆ ಸೃಷ್ಟಿಕರ್ತನನ್ನು ಒಪ್ಪಿಕೊಂಡಿತು, ಸಿಮ್ಯುಲೇಷನ್ ಎಂದರೆ ಮಾಯೆ, ಪ್ರೋಗ್ರಾಮರ್ ಎಂದರೆ ಈಶ್ವರ ಎಂದು ಹಿಗ್ಗುವುದು ಒಂದು ಗುಂಪು. ದೇವರೆಂದರೆ ಇಷ್ಟೇ, ಮುಂದುವರಿದ ಯಂತ್ರಜ್ಞಾನವುಳ್ಳ ಒಂದು ಜೀವಿ, ಅಜ್ಞಾನದಿಂದ ಹಿಂದಿನವರು ಕೈಮುಗಿದರು ಎಂದು ನಗುವುದು ಇನ್ನೊಂದು. ಪರಸ್ಪರ ಶತ್ರುಗಳೆಂದು ತಿಳಿದಿರುವ ಈ ಎರಡೂ ಗುಂಪುಗಳು ಒಂದು ನಂಬಿಕೆಯನ್ನು ಪರೀಕ್ಷಿಸದೆ ಹಂಚಿಕೊಂಡಿವೆ: ಜಗತ್ತನ್ನು ಮಾಡಿದವನೊಬ್ಬನಿದ್ದರೆ ಅವನೇ ದೇವರು ಎಂಬ ನಂಬಿಕೆ. ಕರ್ನಾಟಕದ ಜೈನಾಚಾರ್ಯರು ಸಾವಿರ ವರ್ಷಗಳ ಹಿಂದೆ ಕೈಹಾಕಿದ್ದು ಈ ಬುಡಕ್ಕೇ. ಪಂಪನನ್ನು ಪಠ್ಯವಾಗಿ ಓದುವ ಕನ್ನಡ ವಿದ್ಯಾರ್ಥಿಗೆ ಈ ವಾದ ಪರಕೀಯವಾಗಿ ತೋರುತ್ತಿದ್ದರೆ ಅದು ಪಾಠದ ದೋಷ, ಪಂಪನದಲ್ಲ.

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಗುರು ಜಿನಸೇನಾಚಾರ್ಯರು 9ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಆದಿಪುರಾಣದ ನಾಲ್ಕನೆಯ ಪರ್ವದಲ್ಲಿ ಸೃಷ್ಟಿವಾದದ ಖಂಡನೆಯಿದೆ. ಎ. ಎಲ್. ಬಾಷಮ್ ಅವರ ಅನುವಾದದ ಮೂಲಕ ಅದು ಪಾಶ್ಚಾತ್ಯರಿಗೆ ತಲಪಿತು. ಖಗೋಳವಿಜ್ಞಾನಿ ಕಾರ್ಲ್ ಸೇಗನ್ 1980ರ 'ಕಾಸ್ಮೋಸ್' ಗ್ರಂಥದ ಒಂದು ಅಧ್ಯಾಯದ ತಲೆಯಲ್ಲಿ ಅದನ್ನು ಇಟ್ಟುಕೊಂಡರು. ಅನ್ಯಗ್ರಹಜೀವಿಗಳ ಅನ್ವೇಷಣೆಗೆ ಜೀವನವನ್ನೇ ತೆತ್ತ ಸೇಗನ್ ಡ್ಯಾನಿಕೆನ್‌ನ ಕಟು ವಿಮರ್ಶಕರೂ ಆಗಿದ್ದರು. ಅನ್ಯಲೋಕದವರು ಇರಬಹುದೆಂದು ಅವರು ಆಶಿಸಿದರೇ ಹೊರತು ಇದ್ದರೆ ಅವರನ್ನು ದೇವರ ಪೀಠದಲ್ಲಿ ಕೂರಿಸಬೇಕೆಂದು ಎಂದೂ ಹೇಳಲಿಲ್ಲ. ಆ ವಿವೇಕಕ್ಕೆ ಮಾನ್ಯಖೇಟದ ಪರಿಸರದ ಆಚಾರ್ಯರೊಬ್ಬರು ನೆರವಾದದ್ದು ಆಕಸ್ಮಿಕವೆನಿಸುವುದಿಲ್ಲ.

ಜಿನಸೇನರ ಪ್ರಶ್ನೆಗಳು ಬಹಳ ನೇರವಾದವು. ಸೃಷ್ಟಿಗೆ ಮುನ್ನ ಸೃಷ್ಟಿಕರ್ತ ಎಲ್ಲಿದ್ದ? ಯಾವ ಸಾಮಗ್ರಿಯಿಂದ ಮಾಡಿದ? ಸಾಮಗ್ರಿಯನ್ನೂ ಅವನೇ ಮಾಡಿದನೆಂದರೆ ಅದಕ್ಕೆ ಬೇರೆ ಸಾಮಗ್ರಿ ಬೇಕು, ಹೀಗೆ ಅನವಸ್ಥೆ. ಸಾಮಗ್ರಿ ತಾನಾಗಿಯೇ ಇತ್ತೆಂದರೆ ಲೋಕವೇ ತಾನಾಗಿ ಇದ್ದಿರಬಾರದೇಕೆ? ಅವನು ಕೃತಾರ್ಥನಾಗಿದ್ದರೆ ಮಾಡುವ ಇಚ್ಛೆ ಹುಟ್ಟಿದ್ದಾದರೂ ಹೇಗೆ? ಕೃತಾರ್ಥನಲ್ಲದಿದ್ದರೆ ಕುಂಬಾರನಿಗಿಂತ ಅವನಲ್ಲಿ ಏನು ಹೆಚ್ಚು? ಲೀಲೆಗಾಗಿ ಮಾಡಿದನೆಂದರೆ ಅವನು ಬಾಲಕ; ಕರುಣೆಯಿಂದ ಮಾಡಿದನೆಂದರೆ ದುಃಖಕ್ಕೆ ಲೆಕ್ಕ ಕೊಡಬೇಕು. ಜೀವಿಗಳ ಕರ್ಮವನ್ನು ಅನುಸರಿಸಿ ಮಾಡುತ್ತಾನೆಂದರೆ ಅವನು ಸ್ವತಂತ್ರನಲ್ಲ. ಕೊಟ್ಟ ನೂಲಿಗೆ ಕಟ್ಟುಬಿದ್ದ ನೇಕಾರನ ಹಾಗೆ ಪರತಂತ್ರ.

ಈ ನೇಕಾರನ ಹೋಲಿಕೆ ಆನೇಕಲ್ಲಿನ ಓದುಗನಿಗೆ ವಿವರಣೆಯಿಲ್ಲದೆ ತಿಳಿಯತಕ್ಕದ್ದು. ಮಗ್ಗದ ಮುಂದೆ ಕೂತವನು ಸೀರೆಯ ಕರ್ತೃ ಹೌದು. ಆದರೆ ಹಾಸು ಹೊಕ್ಕಿನ ಎಳೆ ಅವನು ಹುಟ್ಟಿಸಿದ್ದಲ್ಲ, ರೇಷ್ಮೆಹುಳುವಿನದು, ಸೀರೆಯ ಅಳತೆ ಉಡುವವರದು, ಬಣ್ಣ ಕೊಳ್ಳುವವರದು. ಬಾಸ್ಟ್ರಮ್ ಹೇಳುವ ಸಿಮ್ಯುಲೇಷನ್ ನಡೆಸುವವರ ಪಾಡೂ ಇದೇ. ಅವರಿಗೆ ಗಣಕಯಂತ್ರ ಬೇಕು, ಅದಕ್ಕೆ ಲೋಹ ಬೇಕು, ಶಕ್ತಿಯ ಪೂರೈಕೆ ಬೇಕು. ಅವರ ಲೋಕದಲ್ಲೂ ವಿದ್ಯುತ್ತು ಕಡಿತವಾದರೆ ಈ ಲೋಕದ ಪ್ರಳಯ. ಸ್ವತಃ ಬಾಸ್ಟ್ರಮ್ ಇದನ್ನು ಮರೆಮಾಚಿಲ್ಲ. ಸಿಮ್ಯುಲೇಷನ್ನಿನೊಳಗಿನವರಿಗೆ ಅದನ್ನು ನಡೆಸುವವರು ದೇವರಂತೆ ಕಾಣಬಹುದು, ಎಲ್ಲವನ್ನೂ ನೋಡಬಲ್ಲವರೂ ಎಲ್ಲದರಲ್ಲೂ ಕೈಯಾಡಿಸಬಲ್ಲವರೂ ಆಗಿರಬಹುದು. ಆದರೆ ಅವರೇ ಇನ್ನೊಂದು ಸಿಮ್ಯುಲೇಷನ್ನಿನೊಳಗಿದ್ದು, ಮೇಲಿನವರ ಶಿಕ್ಷೆಗೆ ಅಂಜಬೇಕಾದವರೂ ಆಗಿರಬಹುದು ಎನ್ನುತ್ತಾರೆ. ಜಿನಸೇನರು ದೋಷವೆಂದು ತೋರಿಸಿದ ಅನವಸ್ಥೆಯನ್ನು ಬಾಸ್ಟ್ರಮ್ ಒಂದು ಸಾಧ್ಯತೆಯೆಂದು ಶಾಂತವಾಗಿ ಒಪ್ಪಿಕೊಂಡಿದ್ದಾರೆ. ಹೊಸ ವಾದದ ಪ್ರಾಮಾಣಿಕತೆ ಇರುವುದು ಇಲ್ಲಿ. ಹಳೆಯ ಸೃಷ್ಟಿವಾದ ತನ್ನ ಯಂತ್ರಜ್ಞನಿಗೆ ಕಿರೀಟ ತೊಡಿಸಿತ್ತು. ಹೊಸದು ಕಿರೀಟ ತೆಗೆದು ಅವನನ್ನು ಕೆಲಸದ ಮೇಜಿನ ಮುಂದೆ ಕೂರಿಸಿದೆ.

ಕಿರೀಟವನ್ನು ಉಳಿಸಿಕೊಳ್ಳಲು ನೈಯಾಯಿಕರು ಪಟ್ಟ ಶ್ರಮ ಸಣ್ಣದಲ್ಲ. ಅದನ್ನು ಹಗುರವಾಗಿ ಕಾಣುವುದು ಜೈನ ವಾದಕ್ಕೆ ಶೋಭೆ ತರದು. ಭೂಮಿ ಮೊದಲಾದವು ಕಾರ್ಯಗಳು, ಕಾರ್ಯಕ್ಕೆ ಬುದ್ಧಿವಂತನಾದ ಕರ್ತೃ ಇರಲೇಬೇಕು, ಗಡಿಗೆಗೆ ಕುಂಬಾರನಿರುವಂತೆ: ಇದು ಅವರ ಅನುಮಾನದ ಮೂಲರೂಪ. ಉದಯನಾಚಾರ್ಯರ 'ನ್ಯಾಯಕುಸುಮಾಂಜಲಿ'ಯಲ್ಲಿ ಅದು ತನ್ನ ಪ್ರಬಲ ಸ್ಥಿತಿಯನ್ನು ಮುಟ್ಟುತ್ತದೆ. ಕುಂಬಾರನಿಗೆ ಶರೀರವಿದೆ, ಆದ್ದರಿಂದ ಜಗತ್ಕರ್ತೃವಿಗೂ ಶರೀರವಿರಬೇಕಲ್ಲ ಎಂದರೆ, ಕರ್ತೃತ್ವಕ್ಕೆ ಬೇಕಾದದ್ದು ಜ್ಞಾನ, ಮಾಡಬೇಕೆಂಬ ಇಚ್ಛೆ, ಪ್ರಯತ್ನ ಇವಿಷ್ಟೇ. ಶರೀರ ಪ್ರಾಸಂಗಿಕ ಎಂಬುದು ಅವರ ಉತ್ತರ.

'ಆಪ್ತಪರೀಕ್ಷೆ'ಯ ವಿದ್ಯಾನಂದರೂ 'ಪ್ರಮೇಯಕಮಲಮಾರ್ತಂಡ'ದ ಪ್ರಭಾಚಂದ್ರರೂ ಬಿಡದೆ ಹಿಡಿದದ್ದು ಈ ಸಡಿಲು ಗಂಟನ್ನೇ. ಕಂಡ ಕರ್ತೃಗಳೆಲ್ಲ ಶರೀರಿಗಳು. ಶರೀರವನ್ನು ಪ್ರಾಸಂಗಿಕವೆಂದು ಕಳಚಬಹುದಾದರೆ ಬುದ್ಧಿಯನ್ನೂ ಹಾಗೆಯೇ ಕಳಚಬಾರದೇಕೆ? ಉತ್ತು ಬಿತ್ತದೆಯೂ ಕಾಡಿನಲ್ಲಿ ಹುಲ್ಲು ಬೆಳೆಯುತ್ತದೆ. ಅದರ ಕರ್ತೃವನ್ನು ಯಾರು ಕಂಡಿದ್ದಾರೆ? ಕಾಣದ ಕರ್ತೃ ಅಲ್ಲೂ ಇದ್ದಾನೆಂದರೆ ಸಾಧಿಸಬೇಕಾದುದನ್ನೇ ಸಾಧನವಾಗಿ ಬಳಸಿದಂತಾಯಿತು. ಪಾಳುಬಿದ್ದ ಬಾವಿಯನ್ನು ಕಂಡಾಗ, ಕಟ್ಟಿದವನನ್ನು ನೋಡದಿದ್ದರೂ, ಇದು ಕಟ್ಟಿದ್ದು ಎಂಬ ಬುದ್ಧಿ ಹುಟ್ಟುತ್ತದೆ. ಬೆಟ್ಟವನ್ನು ಕಂಡಾಗ ಹುಟ್ಟುವುದಿಲ್ಲ. ಜಿಗಣಿಯ ಕಾರ್ಖಾನೆಯಲ್ಲಿ ಮೆರುಗು ಹತ್ತಿದ ಕಲ್ಲುಚಪ್ಪಡಿಯನ್ನೂ ಬನ್ನೇರುಘಟ್ಟದ ಕಾಡಿನ ಬಂಡೆಯನ್ನೂ ಒಂದೇ ದಿನ ನೋಡಿದವನಿಗೆ ಈ ಭೇದವನ್ನು ಬೋಧಿಸಬೇಕಾಗಿಲ್ಲ. ಕಾರ್ಯ ಎಂಬ ಒಂದೇ ಪದವನ್ನು ಎರಡಕ್ಕೂ ಹಚ್ಚಿದ ಮಾತ್ರಕ್ಕೆ ಎರಡೂ ಒಂದೇ ಜಾತಿಯವಾಗುವುದಿಲ್ಲ.

ಕರ್ತೃ ಒಬ್ಬನೇ ಎಂಬ ಮಾತೂ ನಿಲ್ಲುವುದಿಲ್ಲ. 13ನೆಯ ಶತಮಾನದ ಕೊನೆಯಲ್ಲಿ 'ಸ್ಯಾದ್ವಾದಮಂಜರಿ'ಯನ್ನು ಬರೆದ ಮಲ್ಲಿಷೇಣಸೂರಿಗಳು ಹುತ್ತ, ಅರಮನೆ, ಜೇನುಗೂಡುಗಳ ನಿದರ್ಶನ ಕೊಡುತ್ತಾರೆ. ಹುತ್ತ ಹಲವು ಇರುವೆಗಳದು, ಅರಮನೆ ಹಲವು ಶಿಲ್ಪಿಗಳದು, ಗೂಡು ಹಲವು ಜೇನುಗಳದು. ಆದರೂ ಆಕಾರ ಒಂದೇ. ಆನೇಕಲ್ ತಾಲ್ಲೂಕಿನ ಹುಸ್ಕೂರು ಮದ್ದೂರಮ್ಮನ ಜಾತ್ರೆಗೆ ಸುತ್ತಲ ಹಳ್ಳಿಗಳಿಂದ ಬರುವ ನೂರಡಿಗೂ ಎತ್ತರದ ತೇರುಗಳು ಇದಕ್ಕೆ ಇನ್ನೂ ಒಳ್ಳೆಯ ನಿದರ್ಶನ. ಒಂದೊಂದು ತೇರೂ ಒಂದು ಊರಿನ ಹಲವು ಕೈಗಳ ಕೆಲಸ. 2024ರಲ್ಲಿ, ಮತ್ತೆ 2025ರಲ್ಲಿ ಇಂತಹ ತೇರುಗಳು ಉರುಳಿಬಿದ್ದವು. ಎರಡನೆಯ ಸಲ ಪ್ರಾಣಹಾನಿಯೂ ಆಯಿತು. ಆಗ ಜನ ಕೇಳಿದ್ದು ಎತ್ತರವೆಷ್ಟು, ಕಟ್ಟಿದವರು ಯಾರು, ಎಚ್ಚರ ತಪ್ಪಿದ್ದು ಎಲ್ಲಿ ಎಂದು. ಕಟ್ಟಿದವರ ಲೀಲೆ ಅಗಮ್ಯ ಎಂದು ಯಾರೂ ಸುಮ್ಮನಾಗಲಿಲ್ಲ. ನಿರ್ಮಾಣವೆಂಬುದು ಮನುಷ್ಯ ವ್ಯವಹಾರದಲ್ಲಿ ಎಲ್ಲೆಡೆಯೂ ಹೊಣೆಯನ್ನು ತರುತ್ತದೆ. ಜಗನ್ನಿರ್ಮಾಣ ಒಂದೇ ಯಾಕೆ ಹೊಣೆಯಿಂದ ಬಿಡುಗಡೆ ಪಡೆದು ಪೂಜೆಯನ್ನು ಮಾತ್ರ ಪಡೆಯಬೇಕು? ಸಿಮ್ಯುಲೇಷನ್ನಿನ ನಿರ್ಮಾಪಕನ ವಿಷಯದಲ್ಲಿ ಈ ಪ್ರಶ್ನೆ ಕೇಳಲು ಯಾರಿಗೂ ಅಂಜಿಕೆಯಿಲ್ಲ. ಮಕ್ಕಳ ಕ್ಯಾನ್ಸರನ್ನು ಬರೆದ ಪ್ರೋಗ್ರಾಮರನನ್ನು ಕ್ರೂರಿ ಎನ್ನಲು ಯಾವ ಭಕ್ತನೂ ಹಿಂಜರಿಯನು. ಹೆಸರು ಬದಲಾದೊಡನೆ ನಾಲಗೆ ಕಟ್ಟುವುದೇಕೆ?

ಇಷ್ಟಕ್ಕೆ, ಇದು ನಿರೀಶ್ವರವಾದಿಗಳ ಹಗೆತನದ ಮಾತು ಎಂಬ ಆಕ್ಷೇಪ ಬರುತ್ತದೆ. ಅಂತಹವರು ರಾಮಾನುಜಾಚಾರ್ಯರ ಶ್ರೀಭಾಷ್ಯವನ್ನು ತೆರೆದು ನೋಡಬೇಕು. ಬ್ರಹ್ಮಸೂತ್ರದ ಮೂರನೆಯ ಸೂತ್ರವನ್ನು ವ್ಯಾಖ್ಯಾನಿಸುವಾಗ ಅವರು ನೈಯಾಯಿಕರ ಈ ಅನುಮಾನವನ್ನು ಸ್ವತಃ ಒಡೆಯುತ್ತಾರೆ. ಕಂಡ ಕರ್ತೃಗಳನ್ನು ಆಧರಿಸಿ ಊಹಿಸಿದರೆ ದೊರೆಯುವುದು ಶರೀರವುಳ್ಳ, ಅಲ್ಪಜ್ಞರಾದ, ಬೇರೆ ಬೇರೆ ಕಾಲಗಳ ಹಲವು ಕರ್ತೃಗಳೇ. ಆದ್ದರಿಂದ ಬ್ರಹ್ಮವನ್ನು ತಿಳಿಯಲು ಶಾಸ್ತ್ರವೊಂದೇ ಪ್ರಮಾಣ ಎಂಬುದು ಅವರ ನಿಲುವು. ಮಧ್ವಾಚಾರ್ಯರ ನಿಲುವೂ ಆಗಮವೇ ಪ್ರಮಾಣವೆಂಬುದು. ಮೇಲುಕೋಟೆಯೂ ಉಡುಪಿಯೂ ನಿರೀಶ್ವರವಾದದ ನೆಲೆಗಳಲ್ಲ. ಕನ್ನಡ ನಾಡಿನಲ್ಲಿ ಬೇರುಬಿಟ್ಟ ಎರಡು ಮಹಾ ಆಸ್ತಿಕ ಪರಂಪರೆಗಳು ಕೈಬಿಟ್ಟ ಊರುಗೋಲನ್ನು ಸಿಮ್ಯುಲೇಷನ್ನಿನ ಹೆಸರಿನಲ್ಲಿ ಮತ್ತೆ ಹಿಡಿದು ನಡೆಯುವವರು, ಆ ಆಚಾರ್ಯರು ಬೇಡವೆಂದ ದೇವರನ್ನೇ ಅವರ ಮನೆಗೆ ಹೊತ್ತು ತರುತ್ತಿದ್ದಾರೆ.

ವೇದಾಂತಿಗೆ ಇನ್ನೊಂದು ಉತ್ತರವುಂಟು. ಬ್ರಹ್ಮ ಜಗತ್ತಿನ ಹೊರಗೆ ನಿಂತು ಮಾಡುವವನಲ್ಲ. ನಿಮಿತ್ತವೂ ಅವನೇ, ಉಪಾದಾನವೂ ಅವನೇ. ಅನ್ಯಗ್ರಹದ ಜೀವಿಯೊಡನೆ ಅವನನ್ನು ಹೋಲಿಸುವುದೇ ಅಪಚಾರ. ಈ ಉತ್ತರ ಗೌರವಕ್ಕೆ ಅರ್ಹವಾದದ್ದು. ಸೃಷ್ಟಿಕರ್ತನಿಗೂ ಯಂತ್ರಜ್ಞನಿಗೂ ನಿಜವಾದ ಅಂತರವನ್ನು ತೋರಿಸಬಲ್ಲದ್ದು ಇದೊಂದೇ. ಆದರೆ ಅದಕ್ಕೆ ತೆರುವ ಬೆಲೆಯನ್ನು ಗಮನಿಸಬೇಕು. ಹೊರಗಿನಿಂದ ಮಾಡಿದವನು ಎಂಬ ಅರ್ಥವನ್ನೇ ಬಿಟ್ಟುಕೊಟ್ಟ ಮೇಲೆ ಗಡಿಗೆ ಕುಂಬಾರರ ವಾದವೂ ಹೋಯಿತು, ಪ್ರೋಗ್ರಾಮರನ ಹೋಲಿಕೆಯೂ ಹೋಯಿತು. ಅದರ ಬಳಿಕವೂ ಮೊರೆ ಕೇಳುವ, ವರ ಕೊಡುವ, ದಂಡಿಸುವ ಕೆಲಸಗಳನ್ನು ಅವನಿಗೆ ಹಚ್ಚುವುದಾದರೆ ಯಂತ್ರಜ್ಞ ಹಿಂಬಾಗಿಲಿನಿಂದ ಒಳಗೆ ಬಂದ ಹಾಗೆಯೇ. ಎರಡನ್ನೂ ಒಟ್ಟಿಗೆ ಉಳಿಸಿಕೊಳ್ಳುವ ಉಪನ್ಯಾಸಗಳು ಇಂದು ಬಹಳ.

ಜೈನ ವಾದ ಖಂಡನೆಗೇ ನಿಂತಿದ್ದರೆ ಚಾರ್ವಾಕರ ವಾದಕ್ಕಿಂತ ಅದರಲ್ಲಿ ವಿಶೇಷವಿರುತ್ತಿರಲಿಲ್ಲ. ಕರ್ತೃ ಇಲ್ಲ ಎಂಬುದು ಅದರ ಅರ್ಧಭಾಗ. ಕರ್ತೃವಿನಂತಹ ಒಬ್ಬ ಇದ್ದರೂ, ಆಕಾಶದಲ್ಲಿ ಹಾರುವವನು ಇಳಿದು ಬಂದರೂ, ಅದರಿಂದ ಅವನು ಪೂಜ್ಯನಾಗುವುದಿಲ್ಲ ಎಂಬುದು ಉಳಿದರ್ಧ. ಹೆಚ್ಚು ಬೆಲೆಯುಳ್ಳದ್ದು ಇದು. ಸಮಂತಭದ್ರಾಚಾರ್ಯರ 'ಆಪ್ತಮೀಮಾಂಸೆ'ಗೆ 'ದೇವಾಗಮ ಸ್ತೋತ್ರ' ಎಂಬ ಹೆಸರೂ ಇದೆ; ಸ್ತೋತ್ರವೆಂದು ಹೆಸರಾದರೂ ಅದು ಶುರುವಾಗುವುದು ಸ್ತುತಿಯ ನಿರಾಕರಣೆಯಿಂದ. ದೇವತೆಗಳು ಬಂದಿಳಿಯುವುದು, ಗಗನಸಂಚಾರ, ಚಾಮರದ ವೈಭವ ಇವನ್ನೆಲ್ಲ ಮಾಯಾವಿಗಳೂ ತೋರಿಸಬಲ್ಲರು, ಇವುಗಳ ಬಲದಿಂದ ಜಿನನನ್ನು ಮಹಾಂತನೆಂದು ಒಪ್ಪಲಾಗದು ಎಂದು ಜಿನನ ಎದುರಿಗೇ ನಿಂತು ಹೇಳಲಾಗಿದೆ. ದೇಹದ ಅತಿಶಯವೂ ಸಾಲದು, ರಾಗವುಳ್ಳ ದೇವತೆಗಳಿಗೂ ಅದುಂಟು. ಕಡೆಗೆ ನಿಲ್ಲುವ ಮಾನದಂಡ ದೋಷರಾಹಿತ್ಯ, ಮತ್ತು ಯುಕ್ತಿಗೆ ವಿರೋಧವಿಲ್ಲದ ಮಾತು. ತನ್ನ ಆರಾಧ್ಯನ ಮೇಲೇ ಮೊದಲ ಪರೀಕ್ಷೆ ನಡೆಸುವ ಧೈರ್ಯ ಈ ಕೃತಿಯದು. ಅಕಲಂಕರು 'ಅಷ್ಟಶತೀ'ಯನ್ನೂ ವಿದ್ಯಾನಂದರು 'ಅಷ್ಟಸಹಸ್ರೀ'ಯನ್ನೂ ಬರೆದದ್ದು ಇದರ ಮೇಲೆಯೇ. ಗಗನಯಾನವನ್ನು ದೈವತ್ವದ ಲಕ್ಷಣಪಟ್ಟಿಯಿಂದ ಹೊಡೆದುಹಾಕಿದ ಪರಂಪರೆಗೆ, ಹಾರುವ ತಟ್ಟೆಯೊಂದು ಇಳಿದರೆ ಯಾವ ಧರ್ಮಸಂಕಟವೂ ಇಲ್ಲ.

ಕನ್ನಡ ಕಾವ್ಯ ಈ ವಿಚಾರವನ್ನು ಸಿದ್ಧಾಂತವಾಗಿ ಹೇಳುವುದಕ್ಕಿಂತ ಕಥೆಯಾಗಿ ಹೇಳಿದೆ, ಹೆಚ್ಚು ಚೆನ್ನಾಗಿ ಹೇಳಿದೆ. ಜೈನ ಪುರಾಣಲೋಕದಲ್ಲಿ ಹಾರುವವರಿಗೆ ಕೊರತೆಯಿಲ್ಲ. ವಿದ್ಯಾಧರರು ಮನುಷ್ಯರೇ, ವಿದ್ಯೆಗಳನ್ನು ಸಾಧಿಸಿ ಆಕಾಶದಲ್ಲಿ ಸಂಚರಿಸುವವರು, ರೂಪ ಬದಲಿಸುವವರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಮುಂದುವರಿದ ನಾಗರಿಕತೆ. ನಾಗಚಂದ್ರನ ರಾಮಚಂದ್ರಚರಿತ ಪುರಾಣದಲ್ಲಿ ರಾವಣನೇ ಒಬ್ಬ ವಿದ್ಯಾಧರ ಚಕ್ರವರ್ತಿ. ಅವರಿಗೆ ಕೈಮುಗಿಯಬೇಕೆಂದು ಯಾವ ಜೈನ ಕವಿಯೂ ಹೇಳಿಲ್ಲ. ಆದಿದೇವನ ಭವಾವಳಿ ಆರಂಭವಾಗುವುದೇ ಇಂತಹ ಬೆರಗಿನಿಂದ ಆದ ಒಂದು ಜಾರುವಿಕೆಯಲ್ಲಿ: ತಪಸ್ಸಿನಲ್ಲಿದ್ದ ಜಯವರ್ಮ, ಆಕಾಶದಲ್ಲಿ ವೈಭವದಿಂದ ಹೋಗುತ್ತಿದ್ದ ವಿದ್ಯಾಧರನನ್ನು ನೋಡಿ, ತನಗೂ ಅದು ಬರಲಿ ಎಂದು ನಿದಾನ ಮಾಡಿಕೊಂಡ. ಫಲವಾಗಿ ಅಳಕಾಪುರದಲ್ಲಿ ವಿದ್ಯಾಧರ ಮಹಾಬಲನಾಗಿ ಹುಟ್ಟಿದ. ತಲೆಯೆತ್ತಿ ನೋಡಿ ಮರುಳಾದ ಒಂದು ಕ್ಷಣಕ್ಕೆ ಜನ್ಮವೊಂದನ್ನು ತೆರಬೇಕಾಯಿತು. ಡ್ಯಾನಿಕೆನ್‌ನ ಅಭಿಮಾನಿಗಳು ಓದಬೇಕಾದ ಪ್ರಸಂಗವಿದು.

ಆ ಮಹಾಬಲನ ಆಸ್ಥಾನದಲ್ಲೇ ಸ್ವಯಂಬುದ್ಧನೆಂಬ ಮಂತ್ರಿಗೂ ಉಳಿದ ಮೂವರು ಮಂತ್ರಿಗಳಿಗೂ ವಾದ ನಡೆಯುತ್ತದೆ. ಒಬ್ಬ ಭೂತವಾದಿ, ಇನ್ನೊಬ್ಬ ಕಾಣುವುದೆಲ್ಲ ವಿಜ್ಞಾನಮಾತ್ರ ಎನ್ನುವವನು, ಮತ್ತೊಬ್ಬ ಜಗತ್ತು ಕನಸಿನಂತೆ, ಇಂದ್ರಜಾಲದಂತೆ ಶೂನ್ಯ ಎನ್ನುವವನು. ಹಾರಬಲ್ಲವರ ಸಭೆಯಲ್ಲಿ, ಲೋಕ ನಿಜವೇ ಭ್ರಮೆಯೇ ಎಂಬ ಚರ್ಚೆ! ಪ್ರಾಚೀನ ಕಾವ್ಯಗಳಲ್ಲಿ ಎಲ್ಲವೂ ಮೊದಲೇ ಇತ್ತೆಂದು ಕೊಚ್ಚಿಕೊಳ್ಳುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಜಿನಸೇನರಿಗೆ ಗಣಕಯಂತ್ರ ಗೊತ್ತಿರಲಿಲ್ಲ, ಪಂಪನಿಗೂ ಗೊತ್ತಿರಲಿಲ್ಲ. ಆದರೆ ಯಂತ್ರಶಕ್ತಿ ಎಷ್ಟು ಹೆಚ್ಚಿದರೂ ಆ ಶಕ್ತಿಯಿಂದ ಬಿಡಿಸಲಾಗದ ಪ್ರಶ್ನೆ ಹಾಗೆಯೇ ಉಳಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಇನ್ನು ನೀಲಾಂಜನೆ. 941ರಲ್ಲಿ ಪಂಪ ರಚಿಸಿದ ಆದಿಪುರಾಣದ ಈ ಪ್ರಸಂಗವನ್ನು ನೃತ್ಯವರ್ಣನೆಯ ಸೊಗಸಿಗಾಗಿ, ವೈರಾಗ್ಯದ ನಿಮಿತ್ತವಾಗಿ ಪಾಠ ಮಾಡುವ ರೂಢಿಯಿದೆ. ಅದರ ಒಳರಚನೆಯತ್ತ ಗಮನ ಹೋಗುವುದು ಕಡಿಮೆ. ಆದಿದೇವ ಭೋಗದಲ್ಲಿ ಮುಳುಗಿದ್ದಾನೆ; ಅವನನ್ನು ಎಚ್ಚರಿಸಬೇಕೆಂದು ಇಂದ್ರ, ಆಯುಸ್ಸು ತೀರಲಿರುವ ನರ್ತಕಿಯನ್ನು ಬೇಕೆಂದೇ ಆರಿಸಿ ಕಳುಹಿಸುತ್ತಾನೆ. ನಾಟ್ಯದ ನಡುವೆ ಆಕೆ ಇಲ್ಲವಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರ ಆ ಕ್ಷಣದಲ್ಲೇ ಅದೇ ರೂಪದ, ಅದೇ ಹಾವಭಾವದ ಇನ್ನೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ತಾಳ ತಪ್ಪುವುದಿಲ್ಲ. ಸಭೆಗೆ ತಿಳಿಯುವುದಿಲ್ಲ. ಆದಿದೇವನೊಬ್ಬನಿಗೆ ತಿಳಿಯುತ್ತದೆ.

ಸಿಮ್ಯುಲೇಷನ್ ವಾದದ ಎಲ್ಲ ಪಾತ್ರಗಳೂ ಇಲ್ಲಿವೆ. ಬದಲಿ ರೂಪವನ್ನು ಹುಟ್ಟಿಸಬಲ್ಲ ಒಬ್ಬ ನಿರ್ಮಾಪಕ, ಹೊಲಿಗೆ ಕಾಣದ ಒಂದು ದೃಶ್ಯ, ಮೋಸಹೋದ ಪ್ರೇಕ್ಷಕರು, ಬಿರುಕನ್ನು ಕಂಡ ಒಬ್ಬ. ಇಂದಿನ ಕಥೆಯಾಗಿದ್ದರೆ ಬಿರುಕು ಕಂಡವನು ತೆರೆಯ ಹಿಂದಿನವನನ್ನು ಹುಡುಕಿ ಹೊರಡುತ್ತಿದ್ದ. ಹುಡುಕಿ ಒಂದೋ ಅಡ್ಡಬೀಳುತ್ತಿದ್ದ, ಇಲ್ಲವೇ ಬಂಡೇಳುತ್ತಿದ್ದ. ಆದಿದೇವ ಎರಡನ್ನೂ ಮಾಡುವುದಿಲ್ಲ. ಇದನ್ನು ಹೂಡಿದವನು ಇಂದ್ರನೆಂದು ಅವನಿಗೆ ಅರ್ಥವಾಗುತ್ತದೆ, ಅಷ್ಟಕ್ಕೇ ಬಿಡುತ್ತಾನೆ. ಅವನ ಮನಸ್ಸು ಹೋಗುವುದು ಇಲ್ಲವಾದವಳ ಕಡೆಗೆ, ಇಲ್ಲವಾಗುವ ಎಲ್ಲದರ ಕಡೆಗೆ, ಅದಕ್ಕೆ ಅಂಟಿಕೊಂಡಿದ್ದ ತನ್ನ ಕಡೆಗೆ. ಬದಲಿ ನರ್ತಕಿ ಎಷ್ಟೇ ನಿಖರವಾಗಿರಲಿ, ಸತ್ತವಳು ಸತ್ತದ್ದು ನಿಜ. ಲೋಕ ಸಿಮ್ಯುಲೇಷನ್ನೇ ಆಗಿದ್ದರೂ ಅದರೊಳಗಿನ ನೋವು ನೋವೇ, ಹಿಂಸೆ ಹಿಂಸೆಯೇ, ಮಾಡಿದವನ ಕರ್ಮ ಮಾಡಿದವನದೇ. ದಾರ್ಶನಿಕ ಡೇವಿಡ್ ಚಾಮರ್ಸ್ 2022ರ ಗ್ರಂಥದಲ್ಲಿ ಸಿಮ್ಯುಲೇಷನ್ನಿನೊಳಗಿನ ಲೋಕವೂ ವಾಸ್ತವವೇ ಎಂದೂ, ಸೃಷ್ಟಿಸಿದವನೆಂಬ ಕಾರಣಕ್ಕೆ ಆರಾಧನೆ ಸಲ್ಲದೆಂದೂ ದೀರ್ಘವಾಗಿ ವಾದಿಸಿದ್ದಾರೆ. ಹತ್ತನೆಯ ಶತಮಾನದ ಕನ್ನಡ ಕವಿ ಅಲ್ಲಿಗೆ ಒಂದು ನಾಟ್ಯದ ಮೂಲಕ ಹೋಗಿದ್ದ.

ಆದಿದೇವನನ್ನೂ ಬ್ರಹ್ಮ, ಸ್ರಷ್ಟೃ, ಪ್ರಜಾಪತಿ ಎಂದು ಜೈನರೇ ಕರೆದಿಲ್ಲವೇ ಎಂದು ಪ್ರತಿವಾದಿ ಕೇಳಬಹುದು. ಕರೆದಿದ್ದಾರೆ. ಕಲ್ಪವೃಕ್ಷಗಳು ಬತ್ತಿದ ಕಾಲದಲ್ಲಿ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಕರ್ಮಗಳನ್ನು ಕಲಿಸಿ ಬದುಕಿಗೆ ಏರ್ಪಾಡು ಮಾಡಿದವನೆಂಬ ಅರ್ಥದಲ್ಲಿ ಕರೆದಿದ್ದಾರೆ. ಆ ಏರ್ಪಾಡಿಗಾಗಿ ಅವನು ತೀರ್ಥಂಕರನಲ್ಲ. ಅದನ್ನು ಬಿಟ್ಟು ನಡೆದದ್ದರಿಂದ, ರಾಗವನ್ನು ಗೆದ್ದದ್ದರಿಂದ, ದಾರಿ ತೋರಿದ್ದರಿಂದ.

ಈ ವಾದವನ್ನು ಮುಂದಿಡುವ ಜೈನರು ತಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಪರಮಾಣು, ಕ್ವಾಂಟಂ, ಸಿಮ್ಯುಲೇಷನ್ ಎಲ್ಲವೂ ಆಗಮದಲ್ಲಿದೆ ಎನ್ನುವ ಕಿರುಹೊತ್ತಗೆಗಳು ಜೈನ ವಲಯದಲ್ಲೂ ಅಚ್ಚಾಗುತ್ತಿವೆ. ವೈಮಾನಿಕ ಶಾಸ್ತ್ರವನ್ನು ಹಂಗಿಸುವ ಕೈಯೇ ಜಂಬೂದ್ವೀಪದ ಅಳತೆಗಳನ್ನು ಭೂಗೋಳವೆಂದು ಸಾಧಿಸಲು ಹೊರಡುತ್ತದೆ. ಪರೀಕ್ಷೆ, ಖಾಯಿಲೆ, ವ್ಯಾಪಾರಗಳಿಗೆ ಯಕ್ಷ ಯಕ್ಷಿಯರ ಮುಂದೆ ಹರಕೆ ಹೊತ್ತು, ವೀತರಾಗನ ಮುಂದೆಯೂ ಅದೇ ಅರ್ಜಿಯನ್ನು ಹಿಡಿದು ನಿಲ್ಲುವವರು, ಸೃಷ್ಟಿಕರ್ತನನ್ನು ಒಪ್ಪದಿದ್ದರೂ ಅವನ ಕಚೇರಿಯನ್ನು ತೆರೆದೇ ಇಟ್ಟಿದ್ದಾರೆ. ಸರ್ವಜ್ಞತ್ವದ ವಿಷಯದಲ್ಲಿ ಕುಮಾರಿಲಭಟ್ಟ ಎತ್ತಿದ ಆಕ್ಷೇಪಗಳಿಗೂ ವಿದ್ಯಾನಂದರ ಹೆಸರನ್ನು ಹೇಳಿದ ಮಾತ್ರಕ್ಕೆ ಸಮಾಧಾನ ಸಿಕ್ಕಿತೆಂದುಕೊಳ್ಳಬಾರದು. ಅವನ್ನು ಓದಿ ಎದುರಿಸಬೇಕು. ಸಮಂತಭದ್ರರ ಪರೀಕ್ಷೆ ಪರರಿಗೆ ಮಾತ್ರ ಎಂದು ಯಾವ ಪ್ರತಿಯಲ್ಲೂ ಬರೆದಿಲ್ಲ.

ಸುಬ್ಬರಾಯ ಶಾಸ್ತ್ರಿಗಳ ವಿಮಾನಗಳು ಹಾರಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಒಮ್ಮೆ ಊಹಿಸಬಹುದು. ಆನೇಕಲ್ಲಿನ ಬಯಲಿನಿಂದ ರುಕ್ಮವೋ ಶಕುನವೋ ಮೇಲೇರಿದ್ದರೆ ವಿಜ್ಞಾನ ಸಂಸ್ಥೆಯ ಐವರು ತಮ್ಮ ಲೇಖನವನ್ನು ಹಿಂತೆಗೆದುಕೊಳ್ಳಬೇಕಾಗುತ್ತಿತ್ತು. ಚರಿತ್ರೆಯ ಪುಸ್ತಕಗಳು ಬದಲಾಗುತ್ತಿದ್ದವು. ಆಪ್ತಮೀಮಾಂಸೆಯಲ್ಲಿ ಒಂದಕ್ಷರವೂ ಬದಲಾಗುತ್ತಿರಲಿಲ್ಲ.

ಜಿನಸೇನರ ಆದಿಪುರಾಣದಲ್ಲಿ, ನೀಲಾಂಜನೆಯ ನಾಟ್ಯದ ಬಳಿಕ ಆದಿದೇವ ದೀಕ್ಷೆಗೆ ಹೊರಡುವಾಗ ಪಲ್ಲಕ್ಕಿಯನ್ನು ಹೊರುವವ ಕ್ರಮ ಹೀಗಿದೆ. ಮೊದಲು ಭೂಮಿಯ ಅರಸರು ಏಳು ಹೆಜ್ಜೆ ಹೊರುತ್ತಾರೆ. ಅನಂತರ ಆಕಾಶಗಾಮಿಗಳಾದ ವಿದ್ಯಾಧರರು ಏಳು ಹೆಜ್ಜೆ. ಆಮೇಲೆ, ಬದಲಿ ನರ್ತಕಿಯನ್ನು ಸೃಷ್ಟಿಸಿದ ಇಂದ್ರನ ಪರಿವಾರದವರು ಹೆಗಲು ಕೊಡುತ್ತಾರೆ.